ಎಐ ಕೊಟ್ಟ ಉಲ್ಲೇಖಗಳನ್ನು ಪ್ರಬಂಧಕ್ಕೆ ಸೇರಿಸುವ ಮುನ್ನ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹಾಗೂ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನಾ ಪ್ರಬಂಧ ಸಿದ್ಧಪಡಿಸುತ್ತಿರುವ ಮಿತ್ರರಿಗೊಂದು ಸಲಹೆ. ಚಾಟ್‌ಜಿಪಿಟಿಯಂತಹ ಸಾಧನಗಳು ಮುಂದೆ ಬರಬಹುದಾದ ಪದವನ್ನು ಅಂದಾಜಿಸುತ್ತಲೇ ವಾಕ್ಯ ಕಟ್ಟುತ್ತವೆ. ಹೀಗಾಗಿ ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಕುರಿತು ಐದು ಲೇಖನಗಳನ್ನು ಸೂಚಿಸೆಂದು ಕೇಳಿದರೆ, ಲೇಖಕರ ಹೆಸರು, ಪತ್ರಿಕೆ, ಸಂಪುಟ, ಪುಟಸಂಖ್ಯೆಗಳೆಲ್ಲ ಒಪ್ಪವಾಗಿದ್ದರೂ ಎಲ್ಲಿಯೂ ಪ್ರಕಟವಾಗದ ಲೇಖನವೊಂದು ಅವುಗಳ ನಡುವೆ ಸೇರಿಕೊಂಡಿರಬಹುದು. ಅಂತರ್ಜಾಲದಲ್ಲಿ ಹುಡುಕಿ ಉತ್ತರಿಸುವ ಸೌಲಭ್ಯ ಬಳಸಿದರೆ ಈ ದೋಷ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಆದ್ದರಿಂದ 10ರಿಂದ ಆರಂಭವಾಗುವ ಡಿಒಐ ಸಂಖ್ಯೆಯನ್ನು (ಲೇಖನಕ್ಕೆ ಕೊಡುವ ಶಾಶ್ವತ ಗುರುತಿನ ಸಂಖ್ಯೆ) ಡಿಒಐ ಡಾಟ್ ಆರ್ಗ್ ತಾಣದಲ್ಲಿ ಹಾಕಿ ನೋಡಿ. ಪುಟ ತೆರೆಯಿತೆಂದು ಅಲ್ಲಿಗೇ ಬಿಡಬೇಡಿ. ಸಂಖ್ಯೆ ಅಸಲಿಯಾಗಿದ್ದು, ಅದು ಸಂಬಂಧವೇ ಇಲ್ಲದ ಬೇರೊಂದು ಲೇಖನದ್ದಾಗಿರುವುದೂ ಉಂಟು. ಹಳೆಯ ಭಾರತೀಯ ಪತ್ರಿಕೆಗಳ ಎಷ್ಟೋ ಲೇಖನಗಳಿಗೆ ಡಿಒಐ ಇರುವುದಿಲ್ಲವಾದ್ದರಿಂದ ಅವುಗಳಿಗೆ ಗ್ರಂಥಾಲಯವೇ ಗತಿ (ಗ್ರಂಥಪಾಲಕರನ್ನು ಕೇಳಲು ಸಂಕೋಚಪಡಬೇಡಿ), ಪಿಎಚ್‌.ಡಿ. ಪ್ರಬಂಧಗಳನ್ನು ಭಾರತೀಯ ವಿಶ್ವವಿದ್ಯಾಲಯಗಳ ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಲ್ಲಿ ಹುಡುಕಬಹುದು.

ಲೇಖನ ನಿಜವಾದದ್ದೆಂದು ಖಚಿತವಾದ ಮೇಲೂ ಎಐ ಕೊಟ್ಟ ಸಾರಾಂಶವನ್ನಷ್ಟೇ ನಂಬಿ ಅಂಕಿಗಳನ್ನು ಎತ್ತಿಕೊಳ್ಳುವುದು ನನ್ನ ಮಟ್ಟಿಗೆ ಸರಿಯಲ್ಲ. ಬಣ್ಣವನ್ನು ಆಸ್ಟಾ ಮಾನದಲ್ಲಿ, ಖಾರವನ್ನು ಸ್ಕೋವಿಲ್ ಮಾನದಲ್ಲಿ ಹೇಳುವ ಕೋಷ್ಟಕವನ್ನು ಎಐ ಸಂಕ್ಷೇಪಿಸುವಾಗ ಒಂದರ ಸಂಖ್ಯೆ ಇನ್ನೊಂದರ ಕಾಲಮಿಗೆ ಜಾರಬಹುದು. ಮೂಲ ಕೋಷ್ಟಕವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿ. ಎಐ ಬಳಸಿದ್ದನ್ನು ಎಲ್ಲಿ, ಹೇಗೆ ನಮೂದಿಸಬೇಕೆಂಬುದನ್ನು ಮಾರ್ಗದರ್ಶಕರೊಡನೆ ಮೊದಲೇ ಮಾತನಾಡಿಕೊಳ್ಳಿ.