ಜೀವಂತ ಮೀನು ಘಟ್ಟ ಹತ್ತಿಸುವ ಮುನ್ನ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಗ ಪಂಜರದಲ್ಲೋ ಗಜನಿಯಲ್ಲೋ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಸಾಕಿದ ಕುರುಡಿ (ಸೀಬಾಸ್) ಮೀನನ್ನು ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿಸಿ ಶಿರಸಿಯಲ್ಲಿ ಜೀವಂತ ಮಾರುವ ಯೋಚನೆ ಇದ್ದರೆ, ಮೊದಲು ನೀರಿನ ಬಗ್ಗೆ ತಲೆ ಕೆಡಿಸಿಕೊಳ್ಳಿ. ದಾರಿಯಲ್ಲಿ ಬದುಕಿದ ಮೀನು ಅಂಗಡಿಗೆ ಬಂದ ಮೇಲೆ ಸತ್ತರೆ ಕಾರಣ ಹೆಚ್ಚಾಗಿ ನೀರಿನಲ್ಲೇ ಇರುತ್ತದೆ.

ಕೆಲಸ ಹಿಂದಿನ ದಿನವೇ ಶುರು. ಕನಿಷ್ಠ 24 ಗಂಟೆ ಮೇವು ನಿಲ್ಲಿಸಿ. ಹೊಟ್ಟೆ ತುಂಬಿದ ಮೀನಿಗೆ ಉಸಿರಿಗೆ ಹೆಚ್ಚು ಗಾಳಿ ಬೇಕು, ನೀರನ್ನೂ ಬೇಗ ಕೆಡಿಸುತ್ತದೆ. ಮೈ ತರಚಿದವನ್ನು ಜೀವಂತ ಸಾಗಿಸಬೇಡಿ.

ಮೀನು ಬೆಳೆದ ನೀರನ್ನೇ ಸೋಸಿ ಟ್ಯಾಂಕಿಗೆ ತುಂಬಿ, ಬೆಳಕು ಹರಿಯುವ ಮೊದಲೇ ಹೊರಡಿ. ಸಿಹಿನೀರು 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ಉಪ್ಪುನೀರಿನಲ್ಲಿ ಇನ್ನೂ ಕಡಿಮೆ. ಆಮ್ಲಜನಕ ಲೀಟರಿಗೆ 5 ಮಿ.ಗ್ರಾಂಗಿಂತ ಕೆಳಗಿಳಿಯದಂತೆ, ನೀರಿಗೆ ಗಾಳಿ ಊದುವ ಬ್ಯಾಟರಿಯ ಏರೇಟರ್ ಓಡುತ್ತಲೇ ಇರಲಿ. ಮಂಜುಗಡ್ಡೆ ಬೇಕೆನಿಸಿದರೆ ಬಾಟಲಿಯಲ್ಲಿ ಮುಚ್ಚಿ ಇಳಿಬಿಡಿ. ನೇರ ಹಾಕಿದರೆ ಉಪ್ಪಿನಂಶ ಏರುಪೇರಾಗುತ್ತದೆ. (ಏಡಿಗೆ ಈ ತಾಪತ್ರಯವಿಲ್ಲ. ಕೊಂಬು ಕಟ್ಟಿ ಒದ್ದೆ ಗೋಣಿಯಲ್ಲಿ ನೆರಳಲ್ಲಿಟ್ಟರೆ ಸಾಕು.)

ಇನ್ನು ಅಮೋನಿಯ. ಮೀನು ಇದನ್ನು ಕಿವಿರಿನಿಂದ ಹೊರಬಿಡುತ್ತಲೇ ಇರುತ್ತದೆ. ಜೊತೆಗೇ ಬಿಡುವ ಇಂಗಾಲದ ಡೈಆಕ್ಸೈಡ್, ಬಿಗಿಯಾಗಿ ಮುಚ್ಚಿದ ಟ್ಯಾಂಕಿನಲ್ಲಿ, ಆಮ್ಲಜನಕ ತುಂಬಿ ಕಟ್ಟಿದ ಚೀಲದಲ್ಲಿ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಇಳಿಸುತ್ತದೆ. ಪಿಎಚ್ ಕಡಿಮೆಯಿದ್ದಾಗ ಅಮೋನಿಯದ ಬಹುಪಾಲು ಅಷ್ಟೇನೂ ವಿಷವಲ್ಲದ ರೂಪದಲ್ಲಿರುತ್ತದೆ. ಶಿರಸಿ ತಲುಪಿದ ಕೂಡಲೇ, ಮೀನು ದಣಿದಿದೆ ಎಂಬ ಕಕ್ಕುಲಾತಿಯಿಂದ ಅದೇ ನೀರಿಗೆ ಹೊಸ ನೀರು ಸುರಿಯುತ್ತೇವೆ. ಅದರಿಂದ ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷದ ರೂಪ ಸುಮಾರು ಹತ್ತು ಪಟ್ಟಾಗುತ್ತದೆ. ಹಾಗಾಗಿ ಹಳೆಯ ನೀರನ್ನು ತಿದ್ದಲು ಹೋಗಬೇಡಿ. ಚೀಲವಾದರೆ ಬಾಯಿ ಬಿಚ್ಚದೆ ಅಂಗಡಿಯ ತೊಟ್ಟಿಯಲ್ಲಿ ಕಾಲು ಗಂಟೆ ತೇಲಿಬಿಡಿ, ಉಷ್ಣತೆ ಸರಿಹೊಂದಲಿ. ಆಮೇಲೆ ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಡಿ. ತಂದ ನೀರನ್ನು ಚೆಲ್ಲಿ.

ಆ ತೊಟ್ಟಿ ಮೊದಲೇ ಸಿದ್ಧವಿರಬೇಕು, ಉಪ್ಪಿನಂಶ ಮೀನು ಬಂದ ನೀರಿನಷ್ಟೇ ಇರಬೇಕು. ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಒಂದು ದಿನ ಗಾಳಿಯಾಡಿಸಿ ಅಥವಾ ಸೋಡಿಯಂ ಥಯೋಸಲ್ಫೇಟ್ ಹಾಕಿ. ಬ್ಲೀಚಿಂಗ್ ಪುಡಿ ಹಾಕದ ಬಾವಿ ನೀರಿಗೆ ಕ್ಲೋರಿನ್ ಭಯವಿಲ್ಲ, ಗಾಳಿಯಾಡಿಸುವುದಂತೂ ತಪ್ಪದು.

ಹೊಸ ಫಿಲ್ಟರ್ ಮೇಲೆ ಭರವಸೆ ಇಡಬೇಡಿ. ಅಮೋನಿಯ ಅರಗಿಸುವ ಬ್ಯಾಕ್ಟೀರಿಯ ಅದರಲ್ಲಿ ನೆಲೆಯೂರಲು ನಾಲ್ಕಾರು ವಾರ ಬೇಕು. ಅಲ್ಲಿಯವರೆಗೆ ಮೀನು ಕಡಿಮೆ ಇಡಿ, ದಿನವೂ ಒಂದಿಷ್ಟು ನೀರು ಬದಲಿಸಿ, ಟೆಸ್ಟ್ ಕಿಟ್‌ನಲ್ಲಿ ಅಮೋನಿಯ ನೋಡುತ್ತಿರಿ. ನೊರೆ ಕಟ್ಟಿದ್ದು ಕಂಡರೆ, ಮೀನು ಮೇಲೆ ಬಂದು ಬಾಯಿ ಬಡಿದರೆ ಕಿಟ್‌ಗೂ ಕಾಯಬೇಡಿ, ನೀರು ಬದಲಿಸಿ. ಸತ್ತ ಮೀನನ್ನು ಗಿರಾಕಿ ಮುಗಿಯಲಿ ಎನ್ನದೆ ಆಗಲೇ ತೆಗೆಯಿರಿ.