ಡ್ರಮ್ ಮಷೀನ್ ಕೊಳ್ಳುವ ಮುಂಚೆ ಅದರ ಹಿಂಬದಿ ನೋಡಿ

ಸೌಂಡ್ ಚೆನ್ನಾಗಿದೆ ಅಂತ ಸುಮ್ನೆ ತಗೊಳ್ಳಬೇಡಿ. ನಿಮ್ಮ ಹತ್ತಿರ ಈಗಾಗಲೇ ಇರುವ ಸಿಂತ್‌ನಲ್ಲಿ (ಸಿಂಥಸೈಸರ್) ಮಿಡಿ, ಅಂದರೆ ವಾದ್ಯಗಳು ಒಂದಕ್ಕೊಂದು ಸಂಕೇತ ಕಳಿಸುವ ವ್ಯವಸ್ಥೆ ಇದೆಯಾ, ಬರೀ ತಾಳ ಹೊಂದಿಸುವ 3.5 ಎಂಎಂ ಸಿಂಕ್ ಸಾಕೆಟ್ ಇದೆಯಾ, ಅದನ್ನು ಮೊದಲು ನೋಡಿ. ಮಷೀನ್‌ಗಳನ್ನು ಒಂದೇ ವೇಗದಲ್ಲಿ ಇಡುವ ಸಿಗ್ನಲ್ ಆದ ಮಿಡಿ ಕ್ಲಾಕ್ ಒಂದು ಬೀಟ್‌ಗೆ 24 ಸಲ ಟಿಕ್ ಅನ್ನುತ್ತದೆ. ಕಾರ್ಗ್ ಕಂಪನಿಯ ಪುಟ್ಟ ಮಷೀನ್ ವೋಲ್ಕಾದ ಸಿಂಕ್‌ನಲ್ಲಿ ಬರುವುದು ಬೀಟ್‌ಗೆ 2 ಪಲ್ಸ್ ಮಾತ್ರ. ಹಾಗಾಗಿ 24 ಪಲ್ಸ್‌ನ ಕ್ಲಾಕನ್ನು ನೇರವಾಗಿ ವೋಲ್ಕಾ ಸಿಂಕ್‌ಗೆ ಕೊಟ್ಟರೆ ಅದು ವಿಪರೀತ ಜೋರಾಗಿ ಓಡುತ್ತದೆ, ಮಷೀನ್ ಕೆಟ್ಟಿಲ್ಲ, ಲೆಕ್ಕ ಹೊಂದಿಲ್ಲ ಅಷ್ಟೇ. ಆರ್ಟುರಿಯಾ ಕಂಪನಿಯ ಡ್ರಮ್ ಮಷೀನ್ ಡ್ರಮ್‌ಬ್ರೂಟ್‌ನಲ್ಲಿ ಎರಡೂ ಥರ ಸೆಟ್ ಮಾಡಬಹುದು, ಮೊದಲ ಮಷೀನಿಗೆ ನನ್ನ ಓಟು ಅದಕ್ಕೇ.

ಕ್ಲಾಕ್ ಕೊಡುವ ಮಾಸ್ಟರ್ ಮಷೀನ್ ಒಂದೇ ಇರಲಿ, ಉಳಿದವನ್ನೆಲ್ಲ ಎಕ್ಸ್‌ಟರ್ನಲ್ ಕ್ಲಾಕ್‌ಗೆ (ಹೊರಗಿನಿಂದ ಬರುವ ಕ್ಲಾಕ್) ಹಾಕಿ. 3.5 ಎಂಎಂ ಮಿಡಿ ಕೇಬಲ್ ಆದರೆ ಟೈಪ್ ಎ ಬೇಕಾ, ಬಿ ಬೇಕಾ (ಎರಡರ ವೈರ್ ಜೋಡಣೆ ಬೇರೆ) ಅಂತ ಮ್ಯಾನ್ಯುಯಲ್ ನೋಡಿಯೇ ತನ್ನಿ. ನಾನು ನೋಡದೆ ತಂದು ಎರಡು ಸಂಜೆ ಒದ್ದಾಡಿದ್ದೇನೆ.