ಎಲೆ ಅಂಟಿಸುವ ಟೀ ಹುಳು: ಗೂಡು ಸುಡುವುದನ್ನು ಬಿಟ್ಟ ಮೇಲೆ

ಟೀ ಗಿಡದಿಂದ ಆಯ್ದ ಹುಳುವಿನ ಗೂಡುಗಳನ್ನು ಸುಡದೆ, ಬಲೆ ಹೊದಿಸಿದ ಪೆಟ್ಟಿಗೆಗೆ ಹಾಕಿ ತೋಟದ ನಡುವೆಯೇ ಇಡುತ್ತೇನೆಂದು ನಾನು ಹೇಳಿದಾಗ, ನೀಲಗಿರಿಯ ನಮ್ಮ ಕಡೆಯ ಸಣ್ಣ ಬೆಳೆಗಾರರಲ್ಲಿ ಒಬ್ಬರೂ ಒಪ್ಪಲಿಲ್ಲ. ಕೊಲ್ಲಬೇಕಾದ ಹುಳುವನ್ನು ಸಾಕಲು ಹೊರಟಿದ್ದೇನೆ ಎಂದವರೇ ಹೆಚ್ಚು. ಈಗ ನಾಲ್ಕು ವರ್ಷವಾಯಿತು. ಕಳೆದ ಎರಡು ಬೇಸಿಗೆಗಳಲ್ಲಿ ನನ್ನ ಎರಡೂವರೆ ಎಕರೆಗೆ ಈ ಹುಳುವಿಗಾಗಿ ಒಮ್ಮೆಯೂ ಔಷಧಿ ಹೊಡೆದಿಲ್ಲ. ಅಂದು ತಲೆಯಾಡಿಸಿ ಹೋದವರಲ್ಲಿ ಇಬ್ಬರು ಈ ವರ್ಷ ಬಂದು ಪೆಟ್ಟಿಗೆಯ ಅಳತೆ ತೆಗೆದುಕೊಂಡು ಹೋಗಿದ್ದಾರೆ.

ಹೇಳುತ್ತಿರುವುದು ತೋಟದವರು ಟಾರ್ಟ್ರಿಕ್ಸ್ ಎಂದು ಕರೆಯುವ, ಹೋಮೋನಾ ಕಾಫಿಯೇರಿಯಾ ಎಂಬ ಪತಂಗದ ಮರಿಹುಳುವಿನ ವಿಷಯ. ಇದಕ್ಕೆ ನಾನು ಮೊದಲು ಮಾಡಿದ್ದೂ ಎಲ್ಲರೂ ಮಾಡುವುದನ್ನೇ. ವರ್ಷಕ್ಕೆ ನಾಲ್ಕೈದು ಸಲ ಸಿಂಪರಣೆ. ಔಷಧಿ, ಇಬ್ಬರ ಕೂಲಿ, ನೀರು ಹೊರಿಸುವುದು ಎಲ್ಲ ಸೇರಿ ಒಂದು ಸಲಕ್ಕೆ ಮೂರೂವರೆ ಸಾವಿರ ರೂಪಾಯಿಯಷ್ಟು ಆಗುತ್ತಿತ್ತು. ಅದಕ್ಕಿಂತ ದೊಡ್ಡ ನಷ್ಟ ಸೊಪ್ಪಿನದು. ಹೊಡೆದ ಮೇಲೆ ಕೆಲವು ದಿನ ಬಿಟ್ಟು ಕೀಳಬೇಕಾದ್ದರಿಂದ ಕೀಳುವ ಸುತ್ತು ತಪ್ಪುತ್ತಿತ್ತು, ಚಿಗುರು ಬಲಿಯುತ್ತಿತ್ತು, ಫ್ಯಾಕ್ಟರಿಯಲ್ಲಿ ಕಿಲೋಗೆ ಎರಡು ಮೂರು ರೂಪಾಯಿ ಇಳಿಯುತ್ತಿತ್ತು. ಒಂದು ವರ್ಷದ ಚೀಟಿಗಳನ್ನು ಕೂಡಿಸಿ ನೋಡಿದಾಗ ಈ ಒಂದು ಹುಳುವಿನಿಂದಲೇ ಮೂವತ್ತು ಸಾವಿರದ ಹತ್ತಿರ ಹೋಗಿತ್ತು.

ಇಷ್ಟಾದರೂ ಹುಳು ಸಾಯುತ್ತಿರಲಿಲ್ಲ. ಎರಡು ಎಲೆಗಳನ್ನು ಒಂದರ ಮೇಲೊಂದು ಬಿಳಿ ನೂಲಿನಿಂದ ಅಂಟಿಸಿಕೊಂಡು ಒಳಮೈಯನ್ನು ಕೆರೆದು ತಿನ್ನುವ ಹುಳುವಿಗೆ ಹೊರಗೆ ಬಿದ್ದ ಔಷಧಿ ಹೇಗೆ ತಲುಪಬೇಕು? ಬಿಟಿ ಎಂಬ, ಮರಿಹುಳು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿಯನ್ನೂ ಸಂಜೆ ಹೊತ್ತಿನಲ್ಲಿ ಹೊಡೆಸಿ ನೋಡಿದೆ. ಅದು ಹೊಟ್ಟೆಗೆ ಹೋದರೆ ಮಾತ್ರ ಕೆಲಸ ಮಾಡುವಂಥದ್ದು. ಆಗತಾನೇ ಮೊಟ್ಟೆಯೊಡೆದ ಮರಿಗಳಿದ್ದಾಗ ಫಲ ಕಂಡಿತು, ಗೂಡು ಕಟ್ಟಿದ ಮೇಲೆ ಕಾಣಲಿಲ್ಲ.

ದಾರಿ ಹೊಳೆದದ್ದು ಗೂಡುಗಳನ್ನು ಒಂದೊಂದಾಗಿ ಬಿಡಿಸಿ ನೋಡಲು ಕುಳಿತ ದಿನ. ಆರೋಗ್ಯವಾಗಿರುವ ಹುಳು ಎಲೆ ಬಿಡಿಸಿದ ಕೂಡಲೇ ಮೈ ಕೊಡವಿ ಹಿಂದಕ್ಕೆ ಸರಿದು, ನೂಲು ಹಿಡಿದು ಕೆಳಕ್ಕೆ ಇಳಿಯುತ್ತದೆ. ಹಸಿರು ಮೈ, ಕಪ್ಪು ತಲೆ, ಸುತ್ತಲೂ ಕರಿ ಹಿಕ್ಕೆ. ಆದರೆ ಕೆಲವು ಗೂಡುಗಳಲ್ಲಿ ಹುಳುವಿನ ಬದಲು ಸುಕ್ಕಾಗಿ ಒಣಗಿದ ಚರ್ಮವೂ, ಅದರ ಪಕ್ಕದಲ್ಲಿ ಕಂದು ಬಣ್ಣದ ಪುಟ್ಟ ರೇಷ್ಮೆಗೂಡೂ ಇದ್ದವು. ಅಂಥವನ್ನು ಬಾಟಲಿಯಲ್ಲಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿಟ್ಟೆ. ಹತ್ತು ದಿನದೊಳಗೆ ಪತಂಗ ಬರಲಿಲ್ಲ, ಉದ್ದ ಮೀಸೆಯ ತೆಳು ಮೈಯ ಕಣಜಗಳು ಬಂದವು, ಮರಿಯಾಗಿದ್ದಾಗ ಹುಳುವಿನ ಒಳಗೇ ಬೆಳೆದು ಅದನ್ನು ತಿಂದು ಮುಗಿಸುವಂಥವು. ನೂರು ಗೂಡಿಗೆ ಹತ್ತೋ ಹನ್ನೆರಡೋ ಹಾಗಿದ್ದವು. ಅಂದರೆ ಇಷ್ಟು ವರ್ಷ ಗೂಡು ಸುಟ್ಟಾಗಲೆಲ್ಲ ನನ್ನ ಕೆಲಸ ಮಾಡುತ್ತಿದ್ದ ಕಣಜಗಳನ್ನೂ ಸುಟ್ಟಿದ್ದೆ.

ಶ್ರೀಲಂಕಾದ ಟೀ ತೋಟಗಳ ಚರಿತ್ರೆ ನಮ್ಮಲ್ಲಿ ಅನೇಕರಿಗೆ ಗೊತ್ತಿದೆ. 1935-36ರಲ್ಲಿ ಜಾವಾದಿಂದ ತರಿಸಿದ ಮ್ಯಾಕ್ರೋಸೆಂಟ್ರಸ್ ಎಂಬ ಕಣಜ ಅಲ್ಲಿ ಇದೇ ಹುಳುವನ್ನು ಹತೋಟಿಗೆ ತಂದಿತು. ಮುಂದೆ 1950ರ ದಶಕದಲ್ಲಿ ಕಾಂಡ ಕೊರೆಯುವ ದುಂಬಿಗೆಂದು ಡೀಲ್ಡ್ರಿನ್ ಎಂಬ ಕೀಟನಾಶಕ ಹೊಡೆದಾಗ ಆ ಕಣಜದ ಹಿಡಿತ ತಪ್ಪಿ ಹುಳು ಮತ್ತೆ ಏರಿತು. ಆ ಕಥೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ, ಆದರೆ ನನ್ನ ಬಾಟಲಿಯಲ್ಲಿ ಕಣಜ ಹಾರಾಡಿದ ದಿನವೇ ಅದರ ಅರ್ಥ ಪೂರ್ತಿ ತಿಳಿದದ್ದು.

ಪೆಟ್ಟಿಗೆಯ ಲೆಕ್ಕ ಸರಳ: ಪತಂಗ ಒಳಗೇ ಉಳಿಯಬೇಕು, ಕಣಜ ಹೊರಗೆ ಹೋಗಬೇಕು. ಮೊದಲು ಈರುಳ್ಳಿ ಚೀಲದ ಬಲೆ ಹಾಕಿದೆ. ಪತಂಗಗಳೂ ಆರಾಮವಾಗಿ ಹೊರಟುಹೋದವು, ಆ ತಿಂಗಳು ಪೆಟ್ಟಿಗೆಯ ಸುತ್ತಲಿನ ಗಿಡಗಳಲ್ಲೇ ಅತಿ ಹೆಚ್ಚು ಗೂಡುಗಳಾದವು. ನಂತರ ಸೊಳ್ಳೆ ಪರದೆ ಹೊದಿಸಿದೆ. ಈ ಸಲ ಕಣಜಗಳು ಒಳಗೇ ಸತ್ತು ತಳದಲ್ಲಿ ಬಿದ್ದಿದ್ದವು. ಮೂರನೆಯದಕ್ಕೆ ಇರುವೆ ಮುತ್ತಿ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಖಾಲಿ ಮಾಡಿತು. ನಾಲ್ಕನೆಯದರಲ್ಲಿ ಸೊಪ್ಪನ್ನು ದಪ್ಪವಾಗಿ ತುಂಬಿದ್ದೆ. ಮಳೆ ಬಂದು ಬೂಸು ಹಿಡಿದು ಕೊಳೆಯಿತು. ಈ ನಾಲ್ಕಕ್ಕೇ ಆರು ಸಾವಿರ ರೂಪಾಯಿಯ ಮೇಲೆ ಖರ್ಚಾಯಿತು, ಮನೆಯಲ್ಲಿ ಇನ್ನು ಸಾಕು ಎಂದರು.

ಈಗಿನ ಬಲೆಯ ಕಣ್ಣು ಎರಡು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಕಡಿಮೆ. ಮೇಲೆ ತಗಡು, ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲು, ಒಳಗೆ ಎರಡು ಬೆರಳಿಗಿಂತ ದಪ್ಪವಾಗದಂತೆ ಹರಡಿದ ಗೂಡುಗಳು. ಕೆಳಗೆ ಅಗಲವಾದ ತಟ್ಟೆಯಲ್ಲಿ ಸೋಪು ನೀರು ಇಡಲೇಬೇಕು, ಏಕೆಂದರೆ ಎಲೆ ಬಾಡಿದಾಗ ಸಣ್ಣ ಹುಳುಗಳು ಬಲೆಯ ಕಣ್ಣಿನಿಂದ ನೂಲು ಬಿಟ್ಟುಕೊಂಡು ಇಳಿಯುತ್ತವೆ. ಒಳಗೆ ಹುಟ್ಟಿದ ಪತಂಗಗಳನ್ನು ದಿನ ಬಿಟ್ಟು ದಿನ ಒರೆಸಿ ಕೊಲ್ಲದಿದ್ದರೆ ಅವು ಅಲ್ಲೇ ಕೂಡಿ, ಮೀನಿನ ಹುರುಪೆ ಜೋಡಿಸಿದಂತೆ ಚಪ್ಪಟೆಯಾಗಿ ಮೊಟ್ಟೆ ಇಡುತ್ತವೆ, ಆ ಮೊಟ್ಟೆಯೊಡೆದ ಮರಿಗೆ ಯಾವ ಬಲೆಯೂ ತಡೆಯಲ್ಲ. ಇಂಥ ನಾಲ್ಕು ಪೆಟ್ಟಿಗೆಗಳಿವೆ. ಒಂದಕ್ಕೆ ನಾನೂರೈವತ್ತು ರೂಪಾಯಿ ಬಿದ್ದಿತು. ಎಲ್ಲಿ ಇಡಬೇಕು, ದಿನದ ಯಾವ ಹೊತ್ತಿಗೆ ಪೆಟ್ಟಿಗೆಯನ್ನು ತಿರುಗಿಸಬೇಕು ಎಂಬುದನ್ನು ನಾನು ಮೂರು ವರ್ಷ ಕೂತು ಕಂಡುಕೊಂಡಿದ್ದೇನೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಗೂಡು ಆಯಿಸುವುದು ಇದಕ್ಕಿಂತ ಕಷ್ಟದ ಕೆಲಸವಾಗಿತ್ತು. ಸೊಪ್ಪು ಕೀಳುವವರಿಗೆ ಕೂಲಿ ತೂಕದ ಮೇಲೆ. ಗೂಡಿಗೆ ಕೈ ಹಾಕಿದರೆ ಅವರ ತೂಕ ಇಳಿಯುತ್ತದೆ. ಹತ್ತು ಗೂಡಿಗೆ ಇಷ್ಟು ಎಂದು ಕೊಡಲು ಆರಂಭಿಸಿದೆ. ಹಳೆಯ ಖಾಲಿ ಗೂಡು, ಗಾಳಿಗೆ ಮುದುಡಿದ ಎಲೆ, ಎಲ್ಲವೂ ಎಣಿಕೆಗೆ ಬಂದವು. ಅವರ ಮೇಲೆ ತಪ್ಪು ಹೊರಿಸಲಾರೆ, ಲೆಕ್ಕ ಕಟ್ಟಿದ ರೀತಿಯೇ ತಪ್ಪಾಗಿತ್ತು. ಈಗ ಜನವರಿಯಿಂದ ಏಪ್ರಿಲ್‌ವರೆಗೆ ಪ್ರತಿಯೊಬ್ಬರಿಗೂ ದಿನಕ್ಕೆ ನಲವತ್ತು ರೂಪಾಯಿ ಮೇಲುಕೂಲಿ, ಸೊಂಟಕ್ಕೊಂದು ಸಣ್ಣ ಬಟ್ಟೆ ಚೀಲ. ಆರು ಜನಕ್ಕೆ ಎಂಟು ಒಂಬತ್ತು ಸುತ್ತಿಗೆ ಒಟ್ಟು ಎರಡು ಸಾವಿರದ ಇನ್ನೂರು ದಾಟುವುದಿಲ್ಲ. ಎರಡು ಸಿಂಪರಣೆಯ ಖರ್ಚೂ ಅಲ್ಲ.

ಮೊದಲ ವರ್ಷ ನೂರು ಗಿಡ ಎಣಿಸಿದರೆ ಅರವತ್ತರ ಆಸುಪಾಸಿನಲ್ಲಿ ಗೂಡು ಸಿಗುತ್ತಿತ್ತು. ಎರಡನೇ ವರ್ಷ ಹೆಚ್ಚೇನೂ ಇಳಿಯಲಿಲ್ಲ, ನಾನೇ ಎದೆಗುಂದಿ ಒಂದು ಸಲ ಔಷಧಿ ಹೊಡೆಸಿದೆ. ಆ ತಪ್ಪಿಗೆ ಅರ್ಧ ವರ್ಷ ಹಿಂದೆ ಬಿದ್ದೆ. ಹುಳು ಮೊಟ್ಟೆಯಿಂದ ಪತಂಗವಾಗಲು ಆರೇಳು ವಾರ ಬೇಕು, ಕಣಜ ಅದನ್ನು ಹಿಂಬಾಲಿಸಿ ಹೆಚ್ಚಾಗಲು ಕೆಲವು ತಲೆಮಾರು ಬೇಕು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈ ಬೇಸಿಗೆಯಲ್ಲಿ ನೂರು ಗಿಡಕ್ಕೆ ಎಂಟು ಹತ್ತು ಗೂಡು, ಬಿಡಿಸಿ ನೋಡಿದವುಗಳಲ್ಲಿ ನೂರಕ್ಕೆ ನಲವತ್ತು ಪಾಲು ಕಣಜದ್ದು.

ಜೊತೆಗೆ ದೀಪದ ಬೋನನ್ನೂ ಇಟ್ಟು ನೋಡಿದೆ. ರಾತ್ರಿಗೆ ಬಕೆಟ್ ತುಂಬ ಹುಳು ಬಿದ್ದವು, ಅದರಲ್ಲಿ ಗಂಟೆಯಾಕಾರದಲ್ಲಿ ರೆಕ್ಕೆ ಮಡಚುವ ನಮ್ಮ ಪತಂಗ ಬೆರಳೆಣಿಕೆಯಷ್ಟು ಮಾತ್ರ, ಬಿಟ್ಟುಬಿಟ್ಟೆ. ಬೇಲಿಯ ಬದಿಗೆ ಕೊತ್ತಂಬರಿ ಬಿತ್ತಿ ಹೂವಾಗಲು ಬಿಟ್ಟದ್ದು ಒಳ್ಳೆಯದಾಯಿತು, ಬೆಳಗ್ಗೆ ಆ ಹೂಗಳ ಮೇಲೆ ಕಣಜಗಳು ಕುಳಿತಿರುವುದನ್ನು ಕಣ್ಣಾರೆ ಕಾಣುತ್ತೇನೆ.

ಎಲೆಯನ್ನು ತ್ರಿಕೋನವಾಗಿ ಮಡಚುವ ಲೀಫ್ ರೋಲರ್ ಎಂಬ ಇನ್ನೊಂದು ಹುಳುವಿಗೂ ಇದೇ ಪೆಟ್ಟಿಗೆ ಆಗುವುದೋ ಎಂದು ಹೋದ ವರ್ಷ ಒಂದರಲ್ಲಿ ಬರೀ ಅದರ ಮಡಿಕೆಗಳನ್ನೇ ತುಂಬಿದ್ದೆ. ಅದರ ಪತಂಗ ಕಣಜದಷ್ಟೇ ಸಪೂರ, ಎರಡೂ ಒಂದೇ ಕಣ್ಣಿನಿಂದ ಹೊರಬಂದವು. ಆ ಮಡಿಕೆಗಳನ್ನು ಈಗಲೂ ಬೇರೆ ಚೀಲಕ್ಕೆ ಹಾಕಿಸಿ, ಸಂಜೆ ಸುಡುತ್ತೇನೆ.